ಸುವಾರ್ತಮ್ಮನ ಕತ್ತರಿ

೨೦೨೫ ನವೆಂಬರ್ ೧೮, ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಇಟ್ಟಮಡುವಿನ ಬೈರಮ್ಮನ ವಠಾರದ ಬಾಗಿಲಲ್ಲಿ ಗೌರೀಶಂಕರ ಗೋಡೆಗೆ ಕೈಯಾನಿಸಿ ನಿಂತು ಎಡಗಾಲಿನ ಚಪ್ಪಲಿ ಬಿಚ್ಚಲು ಹೆಣಗುತ್ತಿದ್ದ. ಬಗ್ಗಿದರೆ ಉಸಿರು ಕಟ್ಟುತ್ತಿತ್ತು. ಕೊನೆಗೆ ಬಲಗಾಲಿನ ಬೆರಳುಗಳಿಂದಲೇ ಹಿಮ್ಮಡಿಯ ಪಟ್ಟಿಯನ್ನು ಒತ್ತಿ ಜಾರಿಸಿದ. ಪಟ್ಟಿಯಿದ್ದ ಜಾಗದಲ್ಲಿ ಕಿರುಬೆರಳು ಹುದುಗುವಷ್ಟು ಗುಳಿ ಬಿದ್ದಿತ್ತು. ಅದು ಎಷ್ಟು ಹೊತ್ತಿಗೆ ತುಂಬಿಕೊಳ್ಳುತ್ತದೆಂದು ಮನಸ್ಸಿನಲ್ಲೇ ಎಣಿಸಿದ. ಇಪ್ಪತ್ತರವರೆಗೆ ಎಣಿಸಿದರೂ ತುಂಬಲಿಲ್ಲ. ಪ್ಯಾಂಟನ್ನು ಕೆಳಗೆ ಜಗ್ಗಿಕೊಂಡ.

“ಕಾಲು ಊದಿದೆಯೇನ್ರೀ?” ಹಿಂದಿನಿಂದ ಹೆಂಡತಿ ಸರಸ್ವತಿ ಕೇಳಿದಳು.

“ಆಟೋದಲ್ಲಿ ಮಡಚ್ಕೊಂಡು ಕೂತಿದ್ನಲ್ಲ, ಅದಕ್ಕೆ.”

ಗೌರೀಶಂಕರನಿಗೆ ಐವತ್ತೈದು. ಜಯನಗರದ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟರು. ಎರಡೂ ಕಿಡ್ನಿಗಳು ಕೈಕೊಟ್ಟು ಹದಿನಾಲ್ಕು ತಿಂಗಳಾಗಿದ್ದವು. ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಆರೂವರೆಗೆ ಬನಶಂಕರಿಯಲ್ಲಿ ಒಂದು ಟ್ರಸ್ಟ್ ನಡೆಸುವ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ ನಾಲ್ಕು ಗಂಟೆ ಮಲಗಬೇಕು. ಒಳಗೆ ಸೇರಿದ ನೀರನ್ನೂ ವಿಷವನ್ನೂ ಯಂತ್ರ ತೆಗೆಯುತ್ತದೆ. ತೆಗೆಯದಿದ್ದರೆ ಏನಾಗುತ್ತದೆಂಬುದು ಮೇಷ್ಟರಿಗೆ ಡಾಕ್ಟರು ಹೇಳಿ ಗೊತ್ತಾಗಬೇಕಿರಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಒಂದು ಹೊತ್ತಿನಲ್ಲಿ ಹೃದಯ ನಿಲ್ಲುತ್ತದೆ. ಒಂದು ವಾರ, ಬಹಳವಾದರೆ ಹತ್ತು ದಿನ.

ಕಳೆದ ಶನಿವಾರ ಎಂದಿನಂತೆ ಆರಕ್ಕೆ ಮನೆ ಬಿಟ್ಟವನು ಕೇಂದ್ರಕ್ಕೆ ಹೋಗಿರಲಿಲ್ಲ. ಜೆ.ಪಿ. ನಗರದ ಒಂದು ಪಾರ್ಕಿನ ಬೆಂಚಿನ ಮೇಲೆ ಹನ್ನೊಂದರವರೆಗೆ ಕೂತಿದ್ದು, ಎಡತೋಳಿಗೆ ತಾನೇ ಎರಡು ಹತ್ತಿಯುಂಡೆ ಒತ್ತಿ, ಮೇಲೆ ಪ್ಲಾಸ್ಟರ್ ಅಂಟಿಸಿಕೊಂಡು ಮನೆಗೆ ಹಿಂದಿರುಗಿದ್ದ. ಪ್ರಯೋಗಶಾಲೆಯ ಅಚ್ಚುಕಟ್ಟು. ಸರಸ್ವತಿ ಎಂದಿನಂತೆ ಸಂಜೆ ಆ ಹತ್ತಿಯನ್ನು ಬಿಚ್ಚಿ, ರಕ್ತದ ಕಲೆ ಇಲ್ಲದ್ದನ್ನು ನೋಡಿ, “ಇವತ್ತು ಚೆನ್ನಾಗಿ ಚುಚ್ಚಿದಾರೆ” ಎಂದಿದ್ದಳು.

ಇನ್ನು ಆ ಯಂತ್ರಕ್ಕೆ ಹೋಗುವುದಿಲ್ಲವೆಂಬ ಅವನ ತೀರ್ಮಾನ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆ ಒಬ್ಬರು ಈಗ ಒಳಗೆ ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆಯಲ್ಲಿ, ಬಿಳಿ ಸೀರೆಯುಟ್ಟು ಮಲಗಿದ್ದರು.

“ಬನ್ನಿ, ಒಳಗೆ ಬನ್ನಿ.” ಮನೆಯೊಡತಿ ಬೈರಮ್ಮ ಬಾಗಿಲಿಗೆ ಬಂದರು. ಎಪ್ಪತ್ತು ದಾಟಿದ ಜೀವ. ಇಟ್ಟಮಡು ಹಳ್ಳಿಯಾಗಿದ್ದಾಗ ಇದೇ ಜಾಗದಲ್ಲಿ ಅವರ ರಾಗಿ ಹೊಲವಿತ್ತು. ಈಗ ಆರು ಬಾಡಿಗೆ ಮನೆಗಳಿದ್ದವು. “ನೀವು ಯಾರು, ಚರ್ಚಿನೋರಾ?”

“ಇಲ್ಲಮ್ಮ. ಅವರ ಜೊತೆ ಡಯಾಲಿಸಿಸ್ ಮಾಡಿಸ್ಕೊಳ್ಳೋನು. ಪಕ್ಕದ ಬೆಡ್ಡು.”

“ಓ, ಮೇಷ್ಟ್ರು! ಕದ್ದು ಕಾಪಿ ಕುಡಿಯೋ ಮೇಷ್ಟ್ರು.” ಬೈರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. “ನಿಮ್ಮ ಇಚಾರ ಎಲ್ಲಾ ಹೇಳೋಳು ಕಣ್ರಪ್ಪ. ಕೂತ್ಕಳಿ. ಒಂದ್ಲೋಟ ಜ್ಯೂಸ್ ಕೊಡ್ತೀನಿ. ಹೆಣ ಎತ್ತೋಗಂಟ ಈ ವಠಾರದಲ್ಲಿ ಒಲೆ ಹಚ್ಚಲ್ಲ, ಅದಕ್ಕೆ ಅಂಗಡಿಯಿಂದ ತರ್ಸಿದೀನಿ.”

ಹಾಲ್ ಎಂದರೆ ಹತ್ತಡಿ ಹನ್ನೆರಡಡಿ. ಕಿಟಕಿಯ ಕೆಳಗೆ ಹೊಲಿಗೆ ಮಿಷನ್ನು, ಅದರ ಮೇಲೆ ಮಡಚಿಟ್ಟ ಶಾಲೆಯ ಯೂನಿಫಾರಂ ತುಂಡುಗಳು. ಸುವಾರ್ತಮ್ಮ ಇಪ್ಪತ್ತೆರಡು ವರ್ಷ ಇದೇ ಕಿಟಕಿಯಡಿ ಕೂತು ರವಿಕೆ ಹೊಲಿದಿದ್ದರು. ಭಾನುವಾರ ಆರಾಧನೆಗೆ ಹೋಗಿ ಬಂದು, ಮಧ್ಯಾಹ್ನ ಎರಡು ಸೀರೆಗೆ ಫಾಲ್ಸ್ ಹಚ್ಚಿ, ಮಲಗಿದವರು ಸೋಮವಾರ ಏಳಲಿಲ್ಲ. ಬೀದರಿನಿಂದ ಅಣ್ಣ ಬರಬೇಕೆಂದು ಒಂದು ದಿನ ಕಾದಿದ್ದರು. ಆ ಅಣ್ಣ ಈಗ ಪೆಟ್ಟಿಗೆಯ ತಲೆಯ ಕಡೆ ನಿಂತು ಏನನ್ನೋ ದಿಟ್ಟಿಸುತ್ತಿದ್ದರು. ಗಾಜಿನ ಮೇಲೆ ಒಂದು ದೊಡ್ಡ ಕತ್ತರಿ ಇತ್ತು, ಟೈಲರುಗಳು ಬಳಸುವ ಕಪ್ಪು ಹಿಡಿಯ ಭಾರದ ಕತ್ತರಿ.

“ಇದ್ಯಾಕ್ರಿ ಇಲ್ಲಿ? ನಮ್ಮ ಪೈಕಿ ಇದೆಲ್ಲ ಇಲ್ರಿ.”

“ನಿಮ್ಮ ಪೈಕಿ ಇಲ್ದೇ ಇರಬೋದು ಕಣಣ್ಣ,” ಬೈರಮ್ಮ ಎಂದರು. “ಹೆಣ ಇರೋ ಮನೇಲಿ ಕಬ್ಣ ಇಡ್ದೆ ರಾತ್ರಿ ಕಳೆಯಕ್ಕಾಯ್ತದಾ? ಕುಡುಗೋಲು ಹುಡುಕ್ದೆ, ಸಿಗ್ಲಿಲ್ಲ. ಇದಿತ್ತು, ಇಟ್ಟೆ.”

“ದೇವರ ವಾಕ್ಯ ಅದ, ಮತ್ತ ಕಬ್ಬಿಣ ಯಾಕ ಬೇಕ್ರಿ?”

“ಅದೂ ಇರ್ಲಿ, ಇದೂ ಇರ್ಲಿ. ಎರಡೂ ಜಗಳ ಆಡ್ತಾವಾ?”

ಸುವಾರ್ತಮ್ಮನ ಒಬ್ಬಳೇ ಮಗಳು ಬ್ಯೂಲಾ ಗೋಡೆಗೊರಗಿ ಕೂತಿದ್ದಳು. “ಬಿಡಿ ಮಾಮ,” ಎಂದಳು. “ಅಮ್ಮನ ಕತ್ತರಿ ತಾನೆ. ಇರಲಿ.”

*

ಮೊದಲ ದಿನ, ಹೋದ ವರ್ಷ ಸೆಪ್ಟೆಂಬರಿನಲ್ಲಿ, ಗೌರೀಶಂಕರ ಯಂತ್ರದ ಕೆಂಪು ಕೊಳವೆಗಳನ್ನು ನೋಡುತ್ತ ಬೆವರುತ್ತಿದ್ದಾಗ ಪಕ್ಕದ ಬೆಡ್ಡಿನಿಂದ ಒಂದು ದನಿ ಬಂದಿತ್ತು.

“ಹೊಸಬ್ರಾ ಸಾರ್? ಸೂಜಿ ಚುಚ್ಚೋವಾಗ ಆಚೆ ನೋಡಿ. ನಾನು ಎಂಟು ವರ್ಷದಿಂದ ಆಚೇನೇ ನೋಡ್ತಿದೀನಿ.”

ಸಣ್ಣ ಮೈಕಟ್ಟಿನ, ಕೊರಳಿಗೆ ಟೇಪು ಹಾಕಿಕೊಂಡೇ ಬಂದಿದ್ದ ಹೆಂಗಸು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರೆಂದು ಅವನು ಕೇಳಿದಾಗ ಅವರು ಗಂಭೀರವಾಗಿ, “ನಾಕು ಕ್ವಾರ್ಟರ್ ಹೊಡೀತೀನಿ ಸಾರ್” ಎಂದಿದ್ದರು. ಸುತ್ತ ಎಲ್ಲರೂ ನಕ್ಕರು, ಹಳೆಯ ಜೋಕಾಗಿರಬೇಕು. ಆಮೇಲೆ ಚೀಲದಿಂದ ರಮ್ಮಿನ ಖಾಲಿ ಕ್ವಾರ್ಟರ್ ಬಾಟಲಿ ತೆಗೆದು ತೋರಿಸಿದರು. ಒಳಗೆ ನೀರು. “ನಮ್ಮೆಜಮಾನ್ರು ಕುಡಿದೇ ಹೋದ್ರು. ಬಿಟ್ಟುಹೋದ ಆಸ್ತಿ ಅಂದ್ರೆ ಇದೊಂದೇ. ನೂರೆಂಬತ್ತು ಎಂಎಲ್. ಬೆಳಗ್ಗೆಯಿಂದ ಮಲಗೋವರೆಗೆ ನಾಕು ಸಲ ತುಂಬಿಸ್ಕೋತೀನಿ. ನಾಳೇದು ಇವತ್ತು ಕುಡಿಯಂಗಿಲ್ಲ, ಇವತ್ತಿನದು ನಾಳೆಗೆ ಉಳಿಸೋಂಗಿಲ್ಲ.”

ಬೆಳಗಿನ ಪಾಳಿಗೆ ಒಂದು ನಿಯಮವಿತ್ತು. ಮಾಡಿದವರು ಸುವಾರ್ತಮ್ಮನೇ. ಪ್ರತಿಯೊಬ್ಬರಿಗೂ ಒಂದು ಒಣ ತೂಕ ಇರುತ್ತದೆ, ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ. ಗೌರೀಶಂಕರನದು ಅರವತ್ತನಾಲ್ಕು ಕೆ.ಜಿ. ಬಂದವರೆಲ್ಲ ಸಾಲಾಗಿ ತಕ್ಕಡಿ ಹತ್ತುತ್ತಿದ್ದರು. ಟೆಕ್ನಿಶಿಯನ್ ಸುರಭಿ ತೂಕ ಕೂಗುತ್ತಿದ್ದಳು. ಒಣ ತೂಕಕ್ಕಿಂತ ಯಾರು ಹೆಚ್ಚು ಏರಿಸಿಕೊಂಡು ಬಂದಿರುತ್ತಾರೋ, ಅಂದರೆ ಯಾರು ಹೆಚ್ಚು ನೀರು ಕುಡಿದಿರುತ್ತಾರೋ, ಅವರು ಅಂದಿನ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಬೇಕು.

ಚೀಟಿಗಳು ಒಂದು ಗುಂಡಿ ಡಬ್ಬಿಯಲ್ಲಿದ್ದವು. ಗಿರಾಕಿಗಳ ಅಳತೆ ಬರೆದುಕೊಂಡು ಮುಗಿದ ರಟ್ಟಿನ ತುಂಡುಗಳ ಹಿಂಬದಿಯಲ್ಲಿ ಸುವಾರ್ತಮ್ಮ ಬೈಬಲಿನ ವಾಕ್ಯಗಳನ್ನು ದುಂಡಗೆ ಬರೆದಿಟ್ಟಿದ್ದರು. ಒಂದು ಬದಿ ‘ತೋಳು ೯, ಎದೆ ೩೬’. ಇನ್ನೊಂದು ಬದಿ, ಬೀಳುವ ಗುಬ್ಬಿಯ ಲೆಕ್ಕವೂ ಮೇಲಿನವನಿಗಿದೆ, ನಿಮ್ಮ ತಲೆಗೂದಲೂ ಎಣಿಕೆಯಾಗಿವೆ ಎಂಬರ್ಥದ ಮಾತು. ಅದನ್ನು ಓದಿದ ದಿನ ನಿವೃತ್ತ ಬಸ್ ಡ್ರೈವರ್ ಹಣಮಪ್ಪ ತನ್ನ ಬೋಳುತಲೆ ಸವರಿಕೊಂಡು, “ನಂದು ಎಣಿಸಾಕ ದೇವರಿಗೆ ಭಾಳ ಹೊತ್ತು ಹಿಡಿಯಂಗಿಲ್ಲ ಬಿಡ್ರಿ” ಎಂದಿದ್ದ.

“ನಾನು ಓದಲ್ಲಮ್ಮ,” ಗೌರೀಶಂಕರ ಮೊದಲ ವಾರವೇ ಹೇಳಿಬಿಟ್ಟ. “ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ.”

“ನಂಬಿ ಅಂತ ಯಾರು ಹೇಳಿದ್ರು ಸಾರ್? ನೀರು ಕಮ್ಮಿ ಕುಡೀರಿ, ಓದೋದು ತಪ್ಪುತ್ತೆ.”

ನೀರು ಕಮ್ಮಿ ಮಾಡುವುದು ಅವನಿಂದಾಗಲಿಲ್ಲ. ಸಂಜೆ ಕಾಲೇಜಿನಿಂದ ಬರುವಾಗ ಜಯನಗರದ ಹೋಟೆಲಿನಲ್ಲಿ ನಿಂತು ಕುಡಿಯುವ ಒಂದು ಲೋಟ ಕಾಫಿಯನ್ನು ಬಿಟ್ಟರೆ ತನಗೆ ಉಳಿಯುವುದೇನು ಎಂಬ ಸಿಟ್ಟು. ಆದ್ದರಿಂದ ತೂಕ ಕಮ್ಮಿ ಮಾಡಿದ. ತಕ್ಕಡಿ ಹತ್ತುವ ಮುಂಚೆ ಬೆಲ್ಟು, ವಾಚು, ಫೋನು, ಪರ್ಸು, ಕನ್ನಡಕ ಎಲ್ಲ ತೆಗೆದು ಮೇಜಿನ ಮೇಲಿಡುತ್ತಿದ್ದ. ಉಳಿದವರು ಹಾಗೇ ಹತ್ತುತ್ತಿದ್ದರು. ಉಪಾಯ ಫಲಿಸಿತು. ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ಅವನ ಪಾಲಿಗೆ ಚೀಟಿ ಬರಲಿಲ್ಲ. ಅವನು ಎರಡೂ ಮುಕ್ಕಾಲು ಏರಿಸಿಕೊಂಡು ಬಂದ ದಿನ ಸುವಾರ್ತಮ್ಮ ಎರಡು ಪಾಯಿಂಟ್ ಒಂಬತ್ತು. ಅವನು ಮೂರಾದರೆ ಅವರು ಮೂರೂಕಾಲು.

“ಏನಮ್ಮ, ನಾಕು ಕ್ವಾರ್ಟರ್ ಅಂತೀರಿ, ತಕ್ಕಡಿ ಬೇರೆ ಏನೋ ಹೇಳುತ್ತಲ್ಲ?” ಎಂದು ಅವನು ಕೆಣಕುತ್ತಿದ್ದ.

“ಏನ್ಮಾಡೋದು ಸಾರ್, ಆಸೆ.” ಅವರು ಕನ್ನಡಕ ಏರಿಸಿಕೊಂಡು ಓದುತ್ತಿದ್ದರು.

ಡಬ್ಬಿಯಲ್ಲಿ ನೂರ ನಲವತ್ತು ಚೀಟಿಗಳಿದ್ದವು. ಒಂದೇ ತಿಂಗಳಲ್ಲಿ ಒಂದೇ ಚೀಟಿ ಎರಡು ಸಲ ಬಂದದ್ದಕ್ಕೆ ಹಣಮಪ್ಪ ಕೈಮುಗಿದಾಗ, ಹದಿಮೂರು ಸಲ ಎತ್ತಿದರೆ ಹಾಗಾಗುವ ಸಂಭವ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು, ಪವಾಡವೇನಲ್ಲ ಎಂದು ಗೌರೀಶಂಕರ ಲೆಕ್ಕ ಹಾಕಿ ತೋರಿಸಿದ್ದ. ಸುವಾರ್ತಮ್ಮ ಗಮನವಿಟ್ಟು ಕೇಳಿ, “ಸರಿ ಸಾರ್. ಅಷ್ಟಾದ್ರೂ ಬರುತ್ತಲ್ಲ” ಎಂದಿದ್ದರು. ಆದರೂ ಕೆಲವು ವಾಕ್ಯಗಳು ಅವನ ಜೊತೆ ಮನೆಯವರೆಗೂ ಬರುತ್ತಿದ್ದವು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

*

ಹತ್ತೂಕಾಲಕ್ಕೆ ಸುರಭಿ ಬಂದಳು. ಜೊತೆಗೆ ಹಣಮಪ್ಪ, ಮೂರು ವಾರದ ಹಿಂದಷ್ಟೇ ಸೇರಿದ್ದ ಇಪ್ಪತ್ತಾರರ ಹುಡುಗಿ ಚೈತ್ರ. ಬೆಳಗಿನ ಪಾಳಿಯನ್ನು ಇವತ್ತೊಂದು ದಿನ ಮಧ್ಯಾಹ್ನಕ್ಕೆ ಹಾಕಿಸಿ ಎಲ್ಲರೂ ಬಂದಿದ್ದರು.

ಸುರಭಿ ಪೆಟ್ಟಿಗೆಯ ಮುಂದೆ ಎರಡು ನಿಮಿಷ ನಿಂತಳು. ತಿರುಗಿದವಳು ಗೌರೀಶಂಕರನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ಅವಳ ಕಣ್ಣಿಗೆ ಅಷ್ಟು ಸಾಕು.

“ಸಾರ್, ಜ್ವರ ಬಿಡ್ತಾ? ಶನಿವಾರ ನಾಕು ಸಲ ಫೋನ್ ಮಾಡ್ದೆ. ನಿನ್ನೆ ಬರ್ತೀನಿ ಅಂದ್ರಿ, ಬರಲಿಲ್ಲ. ಐದು ದಿನ ಆಯ್ತು.”

ಸರಸ್ವತಿ ಬೈರಮ್ಮನಿಂದ ಜ್ಯೂಸಿನ ಲೋಟ ತಂದು ಗಂಡನಿಗೆ ಚಾಚಿದ್ದವಳು ಹಾಗೇ ನಿಂತಳು.

“ಶನಿವಾರ ಬಂದಿದ್ರಲ್ಲಮ್ಮ,” ಎಂದಳು.

ಹಣಮಪ್ಪ ಕಿಟಕಿಯ ಕಡೆ ನೋಡಿದ. ಸರಸ್ವತಿ ಗಂಡನ ಎಡತೋಳನ್ನು ನೋಡಿದಳು, ಶನಿವಾರ ಸಂಜೆ ತಾನು ಹತ್ತಿ ಬಿಚ್ಚಿದ ಜಾಗವನ್ನು. ಆಮೇಲೆ ಲೋಟವನ್ನು ಒಯ್ದು, “ಇವರು ಇದನ್ನ ಕುಡಿಯೋ ಹಾಗಿಲ್ಲ” ಎಂದು ಬೈರಮ್ಮನ ಕೈಗೆ ವಾಪಸು ಕೊಟ್ಟು, ಹೆಂಗಸರ ಕಡೆ ಗೋಡೆಗೊರಗಿ ಕೂತಳು. ಅವನ ಕಡೆ ತಿರುಗಲಿಲ್ಲ.

“ಗೊತ್ತಿರಲಿಲ್ಲ ಸಾರ್, ಸಾರಿ,” ಸುರಭಿ ಪಿಸುಗುಟ್ಟಿದಳು.

“ನಿನ್ನದೇನು ತಪ್ಪು.”

ಸುರಭಿಯ ಕಣ್ಣು ಗಾಜಿನ ಮೇಲಿನ ಕತ್ತರಿಯ ಮೇಲೆ ಬಿತ್ತು. ಬೆರಳ ತುದಿಯಿಂದ ಅದನ್ನು ಮುಟ್ಟಿದಳು. “ನಾನೂರ ಐವತ್ತು ಗ್ರಾಂ,” ಎಂದಳು.

“ಇದನ್ನ ಯಾವಾಗ ತೂಗಿದೆ?”

“ವಾರಕ್ಕೆ ಮೂರು ಸಲ ತೂಗಿದೀನಿ ಸಾರ್.” ಅವಳು ದನಿ ತಗ್ಗಿಸಿದಳು. “ಸೆರಗಿನ ಒಳಗೆ ಇಟ್ಕೊಂಡು ತಕ್ಕಡಿ ಹತ್ತೋರು. ಯಾವತ್ತೂ ನಿಮ್ಮ ಹಿಂದೇನೇ ಹತ್ತೋರು, ಗಮನಿಸಿದೀರಾ? ನಿಮ್ಮ ನಂಬರ್ ಕೇಳಿಸ್ಕೊಂಡು. ಕತ್ತರಿ ಸಾಲದಿದ್ದ ದಿನ ನನ್ನ ಮೇಜಿನ ಮೇಲಿನ ಸ್ಟೇಪ್ಲರ್ ಎತ್ಕೊಳ್ಳೋರು. ಅದೂ ಸಾಲದಿದ್ರೆ ನಾನೇ ಒಂದು ಸುಳ್ಳು ಕೂಗಿಬಿಡ್ತಿದ್ದೆ. ಚಾರ್ಟಲ್ಲಿ ಮಾತ್ರ ಕಳೆದು ಸರಿಯಾಗಿ ಬರೀತಿದ್ದೆ. ಇಲ್ಲಾಂದ್ರೆ ಜಾಸ್ತಿ ನೀರು ತೆಗೆದು ಅವರಿಗೆ ಬಿಪಿ ಬಿದ್ದುಹೋಗೋದು.”

ಗೌರೀಶಂಕರ ಕತ್ತರಿಯನ್ನೇ ನೋಡುತ್ತಿದ್ದ.

“ಅವರದು ನಿಜವಾದ ಏರಿಕೆ ಎಷ್ಟಿರ್ತಿತ್ತು?”

“ಒಂದೂವರೆ. ಜಾಸ್ತಿ ಅಂದ್ರೆ ಎರಡು. ನಾಕು ಕ್ವಾರ್ಟರ್ ಅಂದ್ರೆ ನಾಕೇ ಕ್ವಾರ್ಟರ್. ನಮ್ಮ ಸೆಂಟರಲ್ಲಿ ಅವರಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ.” ಸುರಭಿ ಕತ್ತರಿಯಿಂದ ಬೆರಳು ತೆಗೆದಳು. “ಇಬ್ಬರೂ ಮೋಸಗಾರರೇ ಸಾರ್ ನೀವು. ನೀವು ಇಳಿಸ್ತಿದ್ರಿ, ಅವರು ಏರಿಸ್ತಿದ್ರು.”

“ಯಾಕಂತೆ?”

“ನಾನೂ ಕೇಳಿದ್ದೆ. ಮೇಷ್ಟ್ರು ಒಂದಿನ ತಾವಾಗೇ ಓದ್ತಾರೆ, ತಕ್ಕಡಿಗೆ ಸೋತು ಓದೋದು ಬೇಡ ಅಂದ್ರು.”

*

ಕಳೆದ ಗುರುವಾರ ಡಯಾಲಿಸಿಸ್ ಮುಗಿದು ಗೌರೀಶಂಕರ, ಸುವಾರ್ತಮ್ಮ ಇಬ್ಬರೂ ಕೇಂದ್ರದ ಗೇಟಿನ ಮುಂದೆ ಆಟೋ ಕಾಯುತ್ತ ನಿಂತಿದ್ದರು. ರಸ್ತೆಯ ಆ ಬದಿಯಲ್ಲಿ ಎಳನೀರಿನವನು ಕೊಚ್ಚುತ್ತಿದ್ದ. ಇಬ್ಬರೂ ಆ ಕಡೆ ನೋಡಲಿಲ್ಲ. ಪೊಟ್ಯಾಸಿಯಂ ತುಂಬಿದ ಅದು ಅವರಿಗೆ ವಿಷ.

“ಶನಿವಾರ ಬರಲ್ಲಮ್ಮ ನಾನು,” ಗೌರೀಶಂಕರ ಹೇಳಿದ. “ಆಮೇಲೂ ಬರಲ್ಲ. ಸಾಕಾಗಿದೆ. ಇದೊಂದು ಬದುಕಾ? ಮನೇಲಿ ಹೇಳಿಲ್ಲ. ನಿಮಗೆ ಹೇಳ್ತಿದೀನಿ.”

ಸುವಾರ್ತಮ್ಮ ಗಾಬರಿಯಾಗಲಿಲ್ಲ. ಚೀಲದಿಂದ ಪೇಪರಿನಲ್ಲಿ ಸುತ್ತಿದ ಎರಡು ಚಪಾತಿ ತೆಗೆದು ಒಂದನ್ನು ಅವನಿಗೆ ಕೊಟ್ಟರು. “ಮೊದಲು ತಿನ್ನಿ. ಮಿಷನ್ ಇಳಿದ್ಮೇಲೆ ಹೊಟ್ಟೆ ಹಸಿದು ಏನೇನೋ ಅನ್ಸುತ್ತೆ.”

ಅವನು ತಿಂದ.

“ನಾನೂ ಒಂದ್ಸಲ ಬಿಟ್ಟಿದ್ದೆ ಸಾರ್. ಎರಡನೇ ವರ್ಷ. ಬ್ಯೂಲಾನ ಮದುವೆ ಮಾಡಿ ಕಳಿಸಿದ್ಮೇಲೆ, ಇನ್ಯಾಕೆ ಅನ್ನಿಸ್ತು. ಎರಡು ಸಲ ಹೋಗಲಿಲ್ಲ. ಉಸಿರಾಡಕ್ಕಾಗ್ದೆ ಗೋಡೆಗೆ ಒರಗಿ ಕೂತಿದ್ದೆ. ಮಲಗಕ್ಕೂ ಆಗಲ್ವಲ್ಲ. ಬೈಬಲ್ ತೆಗೆದೆ. ದಿನಾ ಎಲ್ಲಿವರೆಗೆ ಓದಿರ್ತೀನೋ ಅಲ್ಲಿಂದ ಮುಂದಕ್ಕೆ ಓದೋದು ಅಭ್ಯಾಸ. ಅವತ್ತು ಎಲೀಯನ ಕತೆ ಬಂತು.”

“ಯಾರು ಅವನು?”

“ಒಬ್ಬ ಪ್ರವಾದಿ. ದೊಡ್ಡ ಮನುಷ್ಯ. ಬೆಂಕಿ ಇಳಿಸಿದೋನು, ಮಳೆ ತರಿಸಿದೋನು. ಅವನೇ ಒಂದಿನ ಅಡವೀಲಿ ಗಿಡದ ಕೆಳಗೆ ಕೂತು, ಸಾಕಪ್ಪ ನನ್ನ ಪ್ರಾಣ ತಗೋ ಅಂದುಬಿಟ್ಟ. ಅದಕ್ಕೆ ದೇವರು ಏನಂದಿರಬೋದು ಹೇಳಿ?”

“ಬೈದಿರಬೇಕು. ಇಲ್ಲ, ಬುದ್ಧಿ ಹೇಳಿರಬೇಕು.”

“ಎರಡೂ ಇಲ್ಲ ಸಾರ್. ಒಂದು ರೊಟ್ಟಿ ಕೊಟ್ಟ, ಒಂದು ತಂಬಿಗೆ ನೀರು ಕೊಟ್ಟ, ಮಲಗಿಸ್ದ. ಎದ್ದಮೇಲೆ ಇನ್ನೊಂದು ರೊಟ್ಟಿ ಕೊಟ್ಟ. ದಾರಿ ದೂರ ಇದೆ, ತಿನ್ನು ಅಂದ. ಅಷ್ಟೇ.” ಅವರು ಚಪಾತಿಯ ಚೂರನ್ನು ಬಾಯಿಗೆ ಹಾಕಿಕೊಂಡರು. “ನನಗೆ ಅವತ್ತು ನಗು ಬಂತು. ಒಂದು ತಂಬಿಗೆ ನೀರು ಕೊಟ್ಟಿದ್ದಾನಲ್ಲ, ನಮ್ಮ ಡಾಕ್ಟ್ರು ನೋಡಿದ್ರೆ ಏನಂತಾರೆ ಅಂತ. ನಗು ಬಂದಮೇಲೆ ಸಾಯೋದು ಕಷ್ಟ ಸಾರ್. ಬೈರಮ್ಮನ ಬಾಗಿಲು ತಟ್ದೆ, ಆಟೋ ಕರಿಸಿ ಅಂತ.”

ಗೌರೀಶಂಕರ ಬರುತ್ತಿದ್ದ ಆಟೋಗೆ ಕೈ ಅಡ್ಡ ಹಿಡಿದ.

“ಶನಿವಾರದ್ದು ಶನಿವಾರ ನೋಡಣ,” ಆಟೋ ಹತ್ತುತ್ತ ಅವರು ಹೇಳಿದರು. “ಇವತ್ತು ಬಂದಿದ್ರಲ್ಲ. ಇವತ್ತಿಗೆ ಅಷ್ಟು ಸಾಕು.”

ಶನಿವಾರ ಬೆಳಗ್ಗೆ ಏಳು ಹತ್ತಕ್ಕೆ ಅವರ ಒಂದು ಮಿಸ್ಡ್ ಕಾಲ್ ಇತ್ತು. ಪಾರ್ಕಿನ ಬೆಂಚಿನ ಮೇಲೆ ಕೂತು ಅವನು ಅದು ರಿಂಗಾಗಿ ನಿಲ್ಲುವವರೆಗೂ ನೋಡಿದ್ದ.

*

ಹನ್ನೊಂದಕ್ಕೆ ಸಭಾಪಾಲಕರು ಬಂದರು. ಎಲ್ಲರೂ ಅವರನ್ನು ಅಯ್ಯನವರೆಂದು ಕರೆಯುತ್ತಿದ್ದರು. ಒಂದು ಕೀರ್ತನೆ ಹಾಡಿದ ಮೇಲೆ ಬೈಬಲ್ ತೆರೆದು, ಸ್ವಲ್ಪ ಸಂಕೋಚದಿಂದ ಹೇಳಿದರು.

“ಸಾವಿನ ಮನೆಯಲ್ಲಿ ಈ ಭಾಗ ಓದೋ ರೂಢಿ ಇಲ್ಲ. ಆದರೆ ನಮ್ಮ ಸುವಾರ್ತಮ್ಮನವರು ಮೊದಲೇ ಬರೆದಿಟ್ಟಿದ್ದರಂತೆ, ಇದನ್ನೇ ಓದಬೇಕು ಅಂತ.”

ಅದು ಮನ್ನದ ಕತೆ. ಅಡವಿಯಲ್ಲಿ ಹಸಿದ ಜನರಿಗೆ ಬೆಳಗ್ಗೆ ಬೆಳಗ್ಗೆ ನೆಲದ ಮೇಲೆ ಮಂಜಿನ ಹಾಗೆ ಸಣ್ಣದಾಗಿ ಆಹಾರ ಬಿದ್ದಿರುತ್ತಿತ್ತು. ತಲೆಗೆ ಒಂದೊಂದು ಅಳತೆ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗಿರಲೆಂದು ಮುಚ್ಚಿಟ್ಟವರ ಪಾತ್ರೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳು ಬಿದ್ದು ನಾರಿತು.

“ಹೆಣದ ಮುಂದೆ ಹುಳದ ಮಾತು ಯಾಕಪ್ಪ ಆಡ್ತಾರೆ,” ಬೈರಮ್ಮ ಮೆಲ್ಲಗೆ ಗೊಣಗಿದರು.

ಗೌರೀಶಂಕರನ ಕಣ್ಣು ಅಡುಗೆಮನೆಯ ಕಿಟಕಿಗೆ ಹೋಯಿತು. ಅಲ್ಲಿ ಆ ಕ್ವಾರ್ಟರ್ ಬಾಟಲಿ ಬೋರಲಾಗಿತ್ತು, ಬಾಯಿ ಕೆಳಗೆ, ಒಣಗಿ. ಭಾನುವಾರದ ನಾಲ್ಕನೆಯದನ್ನೂ ಕುಡಿದು, ತೊಳೆದು ಮಲಗಿದ್ದರು.

ಅಯ್ಯನವರು ಬಹಳ ಮಾತಾಡಲಿ ಎಂದು ಅವನು ಬಯಸಿದ, ಎದ್ದು ನಿಂತರೆ ತಲೆ ಸುತ್ತಬಹುದೆಂಬ ಭಯವಿತ್ತು. ಅವರು ಬೇಗ ಮುಗಿಸಿದರು. ಪೆಟ್ಟಿಗೆ ಬದಲಿಸಬೇಕಿತ್ತು. ಬ್ಯೂಲಾ ಗಾಜಿನ ಮೇಲಿನ ಕತ್ತರಿ ತೆಗೆದು ಮಿಷನ್ನಿನ ಡ್ರಾಯರಿಗೆ ಹಾಕಲು ಹೋದಾಗ ಬೈರಮ್ಮ ತಡೆದರು.

“ಅದನ್ನ ಮನೇಲಿ ಇಟ್ಕಬ್ಯಾಡ ಕಣವ್ವ. ಹೆಣದ ತಾವ ಇಟ್ಟಿದ್ದು. ಗುಂಡಿಗೆ ಹಾಕ್ಬುಡು, ಇಲ್ಲ ಗುಜರಿಗೆ ಕೊಡು.”

“ಅಜ್ಜಿ, ಇಪ್ಪತ್ತೆರಡು ವರ್ಷ ಅಮ್ಮನ ಕೈಲಿದ್ದದ್ದು.”

“ನನಗೆ ಕೊಡ್ತೀರಾ?” ಗೌರೀಶಂಕರ ಕೇಳಿದ.

ಎಲ್ಲರೂ ಅವನ ಕಡೆ ನೋಡಿದರು. ಬ್ಯೂಲಾ ಕತ್ತರಿಯನ್ನು ಅವನ ಕೈಗಿಟ್ಟಳು. ನಿರೀಕ್ಷಿಸಿದ್ದಕ್ಕಿಂತ ಭಾರವಿತ್ತು. ಬೈರಮ್ಮ ಬೇಡವೆಂಬಂತೆ ತಲೆಯಲ್ಲಾಡಿಸಿದರು. ಆಗ ಸರಸ್ವತಿ ಎದ್ದು ಬಂದಳು. ಸೂತಕದ ಮನೆಗೆ ಹೋಗಿ ಬಂದರೆ ತಲೆಗೆ ನೀರು ಹಾಕಿಕೊಳ್ಳದೆ ಒಂದು ಲೋಟವನ್ನೂ ಮುಟ್ಟದ ಹೆಂಗಸು. ಗಂಡನ ಕೈಯಿಂದ ಕತ್ತರಿ ತೆಗೆದುಕೊಂಡು, ತನ್ನ ಕರ್ಚೀಫಿನಲ್ಲಿ ಸುತ್ತಿ, ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಸಮಾಧಿ ತೋಟದಲ್ಲಿ ಮಣ್ಣು ಹಸಿಯಾಗಿತ್ತು. ಒಬ್ಬೊಬ್ಬರೂ ಒಂದೊಂದು ಹಿಡಿ ಹಾಕಬೇಕು. ಗೌರೀಶಂಕರನಿಗೆ ಬಗ್ಗಲಾಗಲಿಲ್ಲ. ಹಣಮಪ್ಪ ತಾನು ಎತ್ತಿದ ಹಿಡಿಯಲ್ಲಿ ಅರ್ಧವನ್ನು ಅವನ ಅಂಗೈಗೆ ಸುರಿದ. “ಹಾಕ್ರಿ ಸರ. ಯಾರ ಕೈಲಿ ಎತ್ತಿದ್ರೇನು.”

ಹಿಂದಿರುಗುವಾಗ ಆಟೋದಲ್ಲಿ ಸರಸ್ವತಿ ಮೊದಲ ಸಲ ಮಾತಾಡಿದಳು, ರಸ್ತೆಯ ಕಡೆ ನೋಡುತ್ತಲೇ.

“ಹತ್ತಿ ಎಲ್ಲಿ ತಗೊಂಡ್ರಿ?”

“ಮೆಡಿಕಲ್ ಸ್ಟೋರಲ್ಲಿ. ಹದಿನೈದು ರೂಪಾಯಿ.”

“ಚೆನ್ನಾಗಿ ಚುಚ್ಚಿದಾರೆ ಅಂದೆ ನಾನು.” ಅವಳ ದನಿ ಏರಲಿಲ್ಲ. “ಪೆದ್ದಿ ಹಾಗೆ.”

ಮಡಿವಾಳದ ಹತ್ತಿರ ಸಿಗ್ನಲ್ಲಿನಲ್ಲಿ ಆಟೋ ಬಹಳ ಹೊತ್ತು ನಿಂತಿತು. ಡ್ರೈವರು ಕನ್ನಡಿಯಲ್ಲಿ ನೋಡಿ, “ಎಲ್ಲಿಗೆ ಸಾರ್, ಮನೆ ಜಯನಗರ ಅಂದ್ರಲ್ವಾ?” ಎಂದ.

ಸರಸ್ವತಿ ಬ್ಯಾಗನ್ನು ಮಡಿಲಿನಲ್ಲಿಟ್ಟುಕೊಂಡು ಕೂತಿದ್ದಳು. ಹೇಳಬೇಕಾದವನು ಅವನೇ ಎಂದು ಬಿಟ್ಟುಕೊಟ್ಟಿದ್ದಳು.

“ಬನಶಂಕರಿಗೆ ನಡೀರಿ,” ಎಂದ ಗೌರೀಶಂಕರ.

*

ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷ. ಸುವಾರ್ತಮ್ಮನ ಎರಡನೆಯ ನಂಬರಿನ ಬೆಡ್ಡಿಗೆ ಹೊಸ ಬೆಡ್‌ಶೀಟ್ ಹಾಸಿ ಖಾಲಿ ಬಿಟ್ಟಿದ್ದರು. ಮೂರನೆಯದು ಗೌರೀಶಂಕರನದು. ಅವನ ಯಂತ್ರದ ಮೇಲೆ ಪ್ಲಾಸ್ಟರಿನ ತುಂಡಿನಿಂದ ಒಂದು ಚೀಟಿ ಅಂಟಿಸಿತ್ತು. ಅಳತೆಯ ಬದಿ ಮೇಲಕ್ಕಿತ್ತು: ತೋಳು ೮½, ಸುತ್ತು ೧೧. ಮೂಲೆಯಲ್ಲಿ ಪೆನ್ಸಿಲಿನಲ್ಲಿ, ‘ಮೇಷ್ಟ್ರಿಗೆ, ಮಂಗಳವಾರ.’

“ಶನಿವಾರ ಅವರೇ ಎತ್ತಿ ಅಂಟಿಸಿ ಹೋದ್ರು,” ಸುರಭಿ ಹೇಳಿದಳು. “ನಾನು ತಿರುಗಿಸಿ ನೋಡಿಲ್ಲ ಸಾರ್.”

ಅವನೂ ತಿರುಗಿಸಲಿಲ್ಲ.

ತೂಕ ಶುರುವಾಯಿತು. ಹಣಮಪ್ಪನದು ಎರಡು ಪಾಯಿಂಟ್ ಒಂದು ಏರಿತ್ತು. ಚೈತ್ರ ಹತ್ತಿದಾಗ ಸುರಭಿ ಸ್ವಲ್ಪ ತಡೆದು, “ಮೂರು ಪಾಯಿಂಟ್ ಆರು” ಎಂದಳು. ಹುಡುಗಿಯ ಮುಖ ಸಣ್ಣದಾಯಿತು. ಇಳಿದು, ಖಾಲಿ ಬೆಡ್ಡಿನ ಕಡೆ ನೋಡಿ, “ನಾನು ಓದಬೇಕಾ ಅಕ್ಕ? ನನಗೆ ಜೋರಾಗಿ ಓದಕ್ಕೆ ಬರಲ್ಲ” ಎಂದಳು.

“ಸ್ವಲ್ಪ ಇರಮ್ಮ,” ಗೌರೀಶಂಕರ ಎಂದ. “ನನ್ನದಿನ್ನೂ ಆಗಿಲ್ಲ.”

ಅವನು ತಕ್ಕಡಿಯ ಹತ್ತಿರ ಬಂದ. ಸುರಭಿ ರೂಢಿಯಂತೆ ಬೆಲ್ಟು, ವಾಚುಗಳಿಗೆಂದು ಮೇಜಿನ ಮೇಲೆ ಜಾಗ ಮಾಡಿದಳು. ಅವನು ಏನನ್ನೂ ತೆಗೆಯಲಿಲ್ಲ. ಅವಳು ಸರಸ್ವತಿಯ ಬ್ಯಾಗನ್ನು ನೋಡಿ, ಬಗ್ಗಿ, ಯಾರಿಗೂ ಕೇಳದಂತೆ ಕೇಳಿದಳು.

“ಚಾರ್ಟಲ್ಲಿ ನಾನೂರೈವತ್ತು ಕಳೀಬೇಕಾ ಸಾರ್?”

“ಇವತ್ತು ಬೇಡ. ಕತ್ತರಿ ಅವಳ ಹತ್ರ ಇದೆ. ಇವತ್ತು ಪೂರ್ತಿ ನನ್ನದೇ.”

“ಎಲ್ಲ ಒಂದೇ ದಿನ ತೆಗಿಯಕ್ಕಾಗಲ್ಲ. ಇವತ್ತಿಗೆ ಎಷ್ಟೋ ಅಷ್ಟು. ನಾಳೆ ಇನ್ನೊಂದ್ಸಲ ಬರಬೇಕು.”

“ಬರ್ತೀನಿ.”

ಸರಸ್ವತಿ ತೋಳು ಹಿಡಿದು ಹತ್ತಿಸಿ, ಕೈ ಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದಳು. ಗೌರೀಶಂಕರ ಚೀಟಿಯನ್ನು ಯಂತ್ರದಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡಿದ್ದ. ತಕ್ಕಡಿಯ ಕೆಂಪು ಅಂಕಿಗಳು ಏರಿದವು, ಒಂದಿಷ್ಟು ಹೊಯ್ದಾಡಿದವು, ನಿಂತವು. ಸುರಭಿ ಎಲ್ಲರಿಗೂ ಕೇಳುವಂತೆ ಕೂಗಿದಳು.

ಅರವತ್ತೆಂಟು ಪಾಯಿಂಟ್ ಒಂಬತ್ತು ಕೆ.ಜಿ., ಒಣ ತೂಕಕ್ಕಿಂತ ನಾಲ್ಕು ಪಾಯಿಂಟ್ ಒಂಬತ್ತು ಹೆಚ್ಚು.